ಅನುಕಂಪದ ನೇಮಕಾತಿ: ಅರ್ಜಿಯಿಂದ ಆದೇಶದವರೆಗಿನ ನನ್ನ ಹದಿನೈದು ತಿಂಗಳು

ಅಪ್ಪ ತೀರಿಕೊಂಡದ್ದು 2022ರ ಆಗಸ್ಟ್‌ನಲ್ಲಿ, ಸೇವೆಯಲ್ಲಿದ್ದಾಗಲೇ. ಹೃದಯಾಘಾತ. ಅವರು ಪ್ರಥಮ ದರ್ಜೆ ಸಹಾಯಕರಾಗಿದ್ದರು. ನಿವೃತ್ತಿಗೆ ಇನ್ನೂ ಆರು ವರ್ಷ ಇತ್ತು. ಹನ್ನೊಂದನೇ ದಿನದ ಕಾರ್ಯಕ್ಕೆ ಬಂದಿದ್ದ ಅವರ ಸಹೋದ್ಯೋಗಿಯೊಬ್ಬರು ಹೊರಡುವಾಗ ನನ್ನನ್ನು ಜಗಲಿಗೆ ಕರೆದು, "ಒಂದು ವರ್ಷದೊಳಗೆ ಅನುಕಂಪಕ್ಕೆ ಅರ್ಜಿ ಹಾಕಮ್ಮ, ಮರೀಬೇಡ" ಅಂದರು. ಆ ಹೊತ್ತಿಗೆ ಅನುಕಂಪ ಅನ್ನುವ ಪದ ಕೇಳಿಯೇ ಅಳು ಬಂತು. ಅದು ಸೇವೆಯಲ್ಲಿದ್ದಾಗಲೇ ಸತ್ತ ನೌಕರನ ಮನೆಯವರೊಬ್ಬರಿಗೆ ಕೆಲಸ ಕೊಡುವ ಒಂದು ನಿಯಮದ ಹೆಸರು ಎಂಬುದು ನನಗೆ ಗೊತ್ತಿರಲಿಲ್ಲ.

ಹದಿನೈದು ತಿಂಗಳ ಓಡಾಟದ ನಂತರ, 2024ರ ಮಾರ್ಚ್ ಮೊದಲ ವಾರದಲ್ಲಿ ನನ್ನ ಕೈಗೆ ನೇಮಕಾತಿ ಆದೇಶ ಬಂತು. ಈ ದಾರಿಯಲ್ಲಿ ಈಗ ಹೊರಟಿರುವವರು ಎಷ್ಟೋ ಜನ ಇದ್ದಾರೆ. ನಾನು ಎಡವಿದ ಕಡೆಯಲ್ಲೇ ಅವರೂ ಎಡವಬಾರದು ಎಂದು ಎಲ್ಲವನ್ನೂ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ.

ಮೊದಲು ನಮ್ಮ ಮನೆಯ ಸ್ಥಿತಿ. ಅಮ್ಮ ನಾಲ್ಕನೇ ತರಗತಿವರೆಗೆ ಓದಿದವರು, ಮಂಡಿನೋವಿನಿಂದ ಹೆಚ್ಚು ಓಡಾಡಲಾರರು. ತಮ್ಮ ಒಂಬತ್ತನೇ ತರಗತಿಯಲ್ಲಿದ್ದ. ನನಗೆ ಮದುವೆಯಾಗಿ ಮೂರು ವರ್ಷವಾಗಿತ್ತು, ಆದರೆ ನಾನು, ನನ್ನ ಗಂಡ ಇಬ್ಬರೂ ಅಪ್ಪನ ಮನೆಯಲ್ಲೇ ಇದ್ದೆವು. ಕೊರೊನಾ ಕಾಲದಲ್ಲಿ ಅವರ ಕೆಲಸ ಹೋದ ಮೇಲೆ ಅಪ್ಪನೇ ಕರೆಸಿಕೊಂಡಿದ್ದರು. ಹಾಗಾಗಿ ಅರ್ಜಿ ಹಾಕಬಹುದಾದವಳು ಬಿ.ಕಾಂ ಮುಗಿಸಿದ್ದ ನಾನೊಬ್ಬಳೇ.

ನಮ್ಮ ಬೀದಿಯಲ್ಲಿ ನಿವೃತ್ತ ಶಿರಸ್ತೇದಾರರೊಬ್ಬರಿದ್ದಾರೆ, ನಾವು ಅವರನ್ನು ಮಾವ ಎಂದೇ ಕರೆಯುವುದು. ಕಾನೂನು ಹೇಗಿದೆ ಎಂದು ಬಿಡಿಸಿ ಹೇಳಿದವರು ಅವರೇ. ಸರ್ಕಾರಿ ಹುದ್ದೆ ತುಂಬುವುದಕ್ಕೆ ಮೂಲ ಸಂವಿಧಾನದ 309ನೇ ವಿಧಿ. ಅದರ ಕೆಳಗೆ ನಮ್ಮಲ್ಲಿ ಕರ್ನಾಟಕ ರಾಜ್ಯ ಸಿವಿಲ್ ಸೇವೆಗಳ ಅಧಿನಿಯಮ, 1978 ಇದೆ. ಸಾಮಾನ್ಯವಾಗಿ ನೇಮಕಾತಿ ಎಂದರೆ ಅಧಿಸೂಚನೆ, ಅರ್ಜಿ, ಪರೀಕ್ಷೆ, ಮೀಸಲಾತಿ, ಆಯ್ಕೆಪಟ್ಟಿ. ಅದಕ್ಕೆ 1977ರ ಸಾಮಾನ್ಯ ನೇಮಕಾತಿ ನಿಯಮಗಳಿವೆ. ಸೇವೆಯಲ್ಲಿದ್ದಾಗ ನೌಕರ ಸತ್ತರೆ ಆ ಮನೆ ಬೀದಿಗೆ ಬೀಳದಿರಲಿ ಎಂದು ಪರೀಕ್ಷೆ ಇಲ್ಲದೆ ಒಬ್ಬರಿಗೆ ಕೆಲಸ ಕೊಡುವುದು ಇದಕ್ಕೊಂದು ಅಪವಾದ. ಅದಕ್ಕಿರುವುದು ಕರ್ನಾಟಕ ಸಿವಿಲ್ ಸೇವೆಗಳು (ಅನುಕಂಪದ ಆಧಾರದ ಮೇಲೆ ನೇಮಕಾತಿ) ನಿಯಮಗಳು, 1996. ಸಿಗುವುದು ಸಿ ಅಥವಾ ಡಿ ವೃಂದದ ಹುದ್ದೆ ಮಾತ್ರ. ಅಪ್ಪ ಯಾವ ಹುದ್ದೆಯಲ್ಲಿದ್ದರೋ ಅದೇ ಸಿಗುತ್ತದೆ ಎಂದುಕೊಳ್ಳಬೇಡಿ.

ಮಾವ ಇನ್ನೊಂದು ಮಾತನ್ನೂ ಒತ್ತಿ ಹೇಳಿದರು. "ಇದು ಆಸ್ತಿ ಥರ ಬರೋದಲ್ಲ ಮಗಳೇ. ಹಕ್ಕು ಅಂತ ಕೇಳೋಕಾಗಲ್ಲ. ಕಷ್ಟದಲ್ಲಿದ್ದೀವಿ ಅಂತ ತೋರಿಸ್ಬೇಕು, ಅದೂ ಬೇಗ ತೋರಿಸ್ಬೇಕು." 1994ರ ಉಮೇಶ್ ಕುಮಾರ್ ನಾಗ್ಪಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ: ಮನೆಗೆ ಒಮ್ಮೆಲೇ ಎರಗಿದ ಸಂಕಟ ದಾಟಿಸುವುದಷ್ಟೇ ಇದರ ಉದ್ದೇಶ, ಆ ಸಂಕಟದ ಕಾಲ ಕಳೆದು ಎಷ್ಟೋ ವರ್ಷದ ಮೇಲೆ ಬಂದು ಕೇಳುವಂತಿಲ್ಲ. ಆದ್ದರಿಂದ ನಿಮ್ಮ ಕಡತ ಎಲ್ಲೋ ಮಲಗಿದೆ ಎಂದರೆ ನಿಮ್ಮ ಕಾರಣವೇ ಸವೆಯುತ್ತಿದೆ ಎಂದರ್ಥ.

ನನ್ನ ಮೊದಲ ತಪ್ಪು ಅಲ್ಲೇ ಆಯಿತು. ಸೆಪ್ಟೆಂಬರ್ ಕೊನೆಯಲ್ಲಿ ಅರ್ಜಿ ಬರೆದು ಅಪ್ಪನ ಕಚೇರಿಯ ಪರಿಚಿತರೊಬ್ಬರ ಕೈಗೆ ಕೊಟ್ಟು ಬಂದೆ. "ನಾನು ನೋಡ್ಕೋತೀನಿ, ನೀವು ಮನೇಲಿರಿ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಡಿಸೆಂಬರ್‌ನಲ್ಲಿ ಹೋಗಿ ಕೇಳಿದರೆ ಆ ಅರ್ಜಿ ಅವರ ಮೇಜಿನ ಡ್ರಾಯರ್‌ನಲ್ಲೇ ಇತ್ತು. ಟಪಾಲು ವಿಭಾಗಕ್ಕೆ ಹೋಗಿಲ್ಲ, ವಹಿಯಲ್ಲಿ ನಮೂದಾಗಿಲ್ಲ. ಕಾಗದದ ಲೆಕ್ಕದಲ್ಲಿ ನಾನು ಅರ್ಜಿಯನ್ನೇ ಹಾಕಿರಲಿಲ್ಲ. ಮೂರು ತಿಂಗಳು ಹೋದದ್ದಕ್ಕಿಂತ, ಒಂದು ವರ್ಷ ಹೀಗೇ ಹೋಗಿಬಿಟ್ಟಿದ್ದರೆ ಎಂಬ ಭಯ ಆ ರಾತ್ರಿ ನಿದ್ದೆ ಕೊಡಲಿಲ್ಲ. ಮರಣದ ದಿನದಿಂದ ಒಂದು ವರ್ಷ ದಾಟಿದ ಅರ್ಜಿಯನ್ನು ಉಳಿಸಿಕೊಳ್ಳುವುದು ಬಹಳ ಕಷ್ಟ.

ಅರ್ಜಿಯನ್ನು ಯಾರ ಕೈಗೂ ಕೊಡಬೇಡಿ. ಎರಡು ಪ್ರತಿ ಮಾಡಿ, ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳಿ. ಎಲ್ಲ ದಾಖಲೆ ಸೇರುವವರೆಗೆ ಕಾಯುವುದೂ ಬೇಡ. ಇರುವಷ್ಟನ್ನು ಲಗತ್ತಿಸಿ, ಉಳಿದದ್ದನ್ನು ನಂತರ ಸಲ್ಲಿಸುತ್ತೇನೆ ಎಂದು ಬರೆದು ಕೊಟ್ಟರೂ ಅರ್ಜಿಯ ದಿನಾಂಕ ನಿಮ್ಮದಾಗುತ್ತದೆ. ನಾನು ಡಿಸೆಂಬರ್ ಎರಡನೇ ವಾರದಲ್ಲಿ ಹಾಗೇ ಮಾಡಿದೆ.

ದಾಖಲೆಗಳ ವಿಷಯಕ್ಕೆ ಬಂದರೆ, ಮರಣ ಪ್ರಮಾಣಪತ್ರದ ಹತ್ತು ಪ್ರತಿಯಾದರೂ ಒಮ್ಮೆಗೇ ತೆಗೆದಿಡಿ. ಕುಟುಂಬ ಪಿಂಚಣಿ, ಕೆಜಿಐಡಿ (ಸರ್ಕಾರಿ ನೌಕರರ ವಿಮೆ), ಜಿಪಿಎಫ್ (ಭವಿಷ್ಯ ನಿಧಿ), ಬ್ಯಾಂಕ್, ಅನುಕಂಪ, ಎಲ್ಲ ಕಡೆಯೂ ಅದನ್ನು ಕೇಳುತ್ತಾರೆ. ನಾಡಕಚೇರಿಯಲ್ಲಿ ಬದುಕುಳಿದ ಕುಟುಂಬ ಸದಸ್ಯರ ದೃಢೀಕರಣಕ್ಕೆ ಅರ್ಜಿ ಕೊಟ್ಟಾಗ ಸಕಾಲ ಯೋಜನೆಯ ಜಿಎಸ್‌ಸಿ ಸಂಖ್ಯೆ, ಅಂದರೆ ಅರ್ಜಿಯ ಗುರುತಿನ ಸಂಖ್ಯೆ ಇರುವ ಚೀಟಿ ಕೊಡುತ್ತಾರೆ, ಅದನ್ನು ಜೋಪಾನ ಮಾಡಿ. ತಡವಾದಾಗ ಕೇಳುವುದಕ್ಕೆ ಅದೊಂದೇ ಆಧಾರ. ಆದಾಯ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರ, ಅಂಕಪಟ್ಟಿಗಳು, ಪಡಿತರ ಚೀಟಿ, ಆಧಾರ್ ಬೇಕೇ ಬೇಕು. ಅಮ್ಮ ತನಗೆ ಕೆಲಸ ಬೇಡ, ಮಗಳಿಗೆ ಕೊಡಿ ಎಂದು ಕಾರಣ ಸಮೇತ ಒಪ್ಪಿಗೆ ಪತ್ರ ಬರೆದುಕೊಡಬೇಕಿತ್ತು, ಏಕೆಂದರೆ ನಿಯಮದಲ್ಲಿ ಮೊದಲ ಆದ್ಯತೆ ವಿಧವೆಗೆ. ಇದನ್ನು ಛಾಪಾ ಕಾಗದದಲ್ಲಿ ಟೈಪ್ ಮಾಡಿಸಿ ನೋಟರಿ ಮಾಡಿಸಿದೆವು. ವಕೀಲರ ಕೊಠಡಿಯಲ್ಲಿ ಅಮ್ಮ ಸಹಿ ಹಾಕುವ ಮುಂಚೆ ಒಂದು ಸಲ ಪೂರ್ತಿ ಓದಿ ಹೇಳಿಸಿಕೊಂಡರು. 'ದಿವಂಗತ' ಎಂಬ ಪದ ಬಂದಾಗ ಪೆನ್ನು ಕೆಳಗಿಟ್ಟರು. ನಾವು ಹೊರಗೆ ಬಂದು ಬೇವಿನ ಮರದ ಕೆಳಗೆ ಸ್ವಲ್ಪ ಹೊತ್ತು ಕೂತು, ಮತ್ತೆ ಒಳಗೆ ಹೋಗಿ ಸಹಿ ಮಾಡಿದೆವು.

ಹೆಸರಿನ ವ್ಯತ್ಯಾಸ ನಮ್ಮನ್ನು ಎರಡು ತಿಂಗಳು ಕಾಡಿತು. ಅಪ್ಪನ ಸೇವಾ ಪುಸ್ತಕದಲ್ಲಿ ಅಮ್ಮನ ಹೆಸರು ತವರಿನಲ್ಲಿ ಕರೆಯುತ್ತಿದ್ದ ಹಾಗಿದೆ, ಆಧಾರ್‌ನಲ್ಲಿ ಬೇರೆ. ನನ್ನ ಹೆಸರು ಆ ಪುಟದಲ್ಲಿ ಇದೆ, ತಮ್ಮನದು ಇಲ್ಲವೇ ಇಲ್ಲ. ಅವನು ಹುಟ್ಟಿದ ಮೇಲೆ ಅಪ್ಪ ಕುಟುಂಬದ ವಿವರವನ್ನು ಮತ್ತೆ ಬರೆಸಿರಲಿಲ್ಲ. ಪಿಂಚಣಿ ಕಡತವೂ ಇದರಿಂದಲೇ ನಿಂತಿತು. ಎರಡೂ ಹೆಸರಿನವರು ಒಬ್ಬರೇ ಎಂದು ಪ್ರಮಾಣಪತ್ರ, ತಮ್ಮನ ಜನನ ಪ್ರಮಾಣಪತ್ರ, ಶಾಲೆಯ ದೃಢೀಕರಣ ಎಲ್ಲ ಕೊಟ್ಟ ಮೇಲೆ ಒಪ್ಪಿದರು. "ಎಲ್ಲರ ಸೇವಾ ಪುಸ್ತಕ ಸರಿ ಮಾಡಿಕೊಡ್ತಿದ್ದೋರು, ತಮ್ಮದು ನೋಡ್ಕೊಳ್ಳಲಿಲ್ಲ" ಎಂದು ಅಮ್ಮ ಮೆಲ್ಲಗೆ ಅಂದರು. ನೀವು ಇದನ್ನು ಓದುತ್ತಿರುವ ಸರ್ಕಾರಿ ನೌಕರರಾಗಿದ್ದರೆ, ದಯವಿಟ್ಟು ಈ ವಾರವೇ ನಿಮ್ಮ ಸೇವಾ ಪುಸ್ತಕದ ಕುಟುಂಬದ ಪುಟ ಮತ್ತು ನಾಮನಿರ್ದೇಶನ ತೆರೆದು ನೋಡಿ.

2023ರ ಮಾರ್ಚ್ 29ಕ್ಕೆ ವಿಧಾನಸಭಾ ಚುನಾವಣೆ ಘೋಷಣೆಯಾಯಿತು. ಅಲ್ಲಿಂದ ಮೇ ಮಧ್ಯದವರೆಗೆ ಯಾವ ಮೇಜಿನಲ್ಲೂ ಯಾರೂ ಸಿಗುತ್ತಿರಲಿಲ್ಲ. ಕಡತ ನೋಡುವ ವಿಷಯ ನಿರ್ವಾಹಕರು ಚುನಾವಣಾ ತರಬೇತಿಯಲ್ಲಿ, ಅಧೀಕ್ಷಕರು ಮತ್ತೊಂದು ಕೆಲಸದಲ್ಲಿ. ಅವರನ್ನು ದೂರಲಾರೆ, ಅಪ್ಪನೂ ಪ್ರತಿ ಚುನಾವಣೆಯಲ್ಲಿ ಹಾಗೇ ಹೋಗುತ್ತಿದ್ದರು. ಆದರೆ ಪಿಂಚಣಿಯೂ ಬಾರದೆ, ನನ್ನ ಗಂಡನ ದಿನಗೂಲಿಯಲ್ಲಿ ನಾಲ್ಕು ಜನ ಊಟ ಮಾಡಿದ ಆ ದಿನಗಳನ್ನು ಮರೆಯುವುದು ಕಷ್ಟ. ತಮ್ಮನ ಶಾಲೆಯ ಶುಲ್ಕಕ್ಕೆ ನನ್ನ ಓಲೆ ಅಡವಿಟ್ಟೆವು. ಆ ಸಮಯದಲ್ಲೇ ಒಬ್ಬರು, "ಸದ್ಯಕ್ಕೆ ಹೊರಗುತ್ತಿಗೆಯಲ್ಲಿ ಸೇರಿಕೊಳ್ಳಿ, ಆಮೇಲೆ ಕಾಯಂ ಮಾಡಿಸ್ಬಹುದು" ಎಂದು ಆಸೆ ತೋರಿಸಿದರು. ಮಾವ ತಡೆದರು. ನಿಯಮದ ಪ್ರಕಾರ ನೇಮಕವಾಗದೆ ಹಿಂಬಾಗಿಲಿನಿಂದ ಬಂದವರು ಎಷ್ಟು ವರ್ಷ ದುಡಿದರೂ ಕಾಯಂಗೊಳಿಸಲು ಹಕ್ಕಿಲ್ಲ ಎಂದು 2006ರ ಏಪ್ರಿಲ್‌ನಲ್ಲಿ, ನಮ್ಮ ಕರ್ನಾಟಕದ್ದೇ ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಹೇಳಿದೆ. ಹೊಟ್ಟೆಪಾಡಿಗೆ ಆ ಕೆಲಸ ಮಾಡಿ, ತಪ್ಪಿಲ್ಲ. ಅದೇ ಕಾಯಂ ಕೆಲಸಕ್ಕೆ ದಾರಿ ಎಂದು ನಂಬಿ ಅನುಕಂಪದ ಅರ್ಜಿಯನ್ನು ಮಾತ್ರ ಕೈಬಿಡಬೇಡಿ.

ಜೂನ್‌ನಲ್ಲಿ ಬಂದದ್ದು ನಿಜವಾದ ಪೆಟ್ಟು. ಅಂಚೆಯಲ್ಲಿ ಒಂದು ಹಿಂಬರಹ, ಅಂದರೆ ಅರ್ಜಿಗೆ ಕಚೇರಿಯ ಲಿಖಿತ ಉತ್ತರ. "ಅರ್ಜಿದಾರರು ವಿವಾಹಿತ ಮಗಳಾಗಿದ್ದು, ನಿಯಮಗಳಲ್ಲಿ ಅವಕಾಶವಿಲ್ಲದ ಕಾರಣ ಕೋರಿಕೆಯನ್ನು ಪರಿಗಣಿಸಲಾಗಿರುವುದಿಲ್ಲ." ಮೂರೇ ಸಾಲು. ನನ್ನ ಗಂಡ ಓದಿ ಏನೂ ಮಾತಾಡದೆ ಹೊರಗೆ ಹೋದರು. ತನ್ನನ್ನು ಮದುವೆಯಾದದ್ದೇ ನನಗೆ ಅಡ್ಡಿಯಾಯಿತು ಎಂದು ಅವರಿಗೆ ಅನ್ನಿಸಿತ್ತಂತೆ, ಎಷ್ಟೋ ದಿನದ ಮೇಲೆ ಹೇಳಿದರು.

ಮರುದಿನ ಕಚೇರಿಗೆ ಹೋಗಿ ವಿಷಯ ನಿರ್ವಾಹಕರನ್ನು ಕೇಳಿದೆ. ಅವರು ಕೋಪ ಮಾಡಿಕೊಳ್ಳಲಿಲ್ಲ, ಡ್ರಾಯರ್‌ನಿಂದ ನಿಯಮಗಳ ಜೆರಾಕ್ಸ್ ಪ್ರತಿ ತೆಗೆದು ತೋರಿಸಿದರು. ಅಂಚು ಹಳದಿಯಾಗಿದ್ದ ಆ ಹಾಳೆಯಲ್ಲಿ 'ಅವಿವಾಹಿತ ಮಗಳು' ಎಂಬುದಕ್ಕೆ ಅಡಿಗೆರೆ ಹಾಕಿತ್ತು. "ನೋಡಿ ಮೇಡಂ, ನಾನು ಏನು ಮಾಡ್ಲಿ?" ಅಂದರು. ಆ ಪ್ರತಿ ಎಷ್ಟು ವರ್ಷ ಹಳೆಯದು ಎಂದು ಕೇಳಬೇಕು ಅಂತ ನನಗೆ ಆ ಕ್ಷಣ ಹೊಳೆಯಲಿಲ್ಲ. ಸಂಜೆ ಮಾವ ಕೇಳಿದ ಮೊದಲ ಪ್ರಶ್ನೆಯೇ ಅದು: "ಅವರು ತೋರಿಸಿದ ನಿಯಮ ಯಾವ ವರ್ಷದ್ದು?"

ಹುಡುಕಿದಾಗ ಸಿಕ್ಕಿದ್ದು ಇದು. 2020ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್, ಕೃಷಿ ಮಾರುಕಟ್ಟೆಯಲ್ಲಿ ಕಾರ್ಯದರ್ಶಿಯಾಗಿದ್ದವರ ಮದುವೆಯಾದ ಮಗಳೊಬ್ಬಳ ಅರ್ಜಿಯಲ್ಲಿ, 1996ರ ನಿಯಮಗಳಲ್ಲಿದ್ದ 'ಅವಿವಾಹಿತ' ಎಂಬ ಪದವನ್ನೇ ತೆಗೆದುಹಾಕಿದೆ. ಮದುವೆಯಾದ ಮಗ ಮಗನಾಗಿ ಉಳಿಯುವಾಗ ಮದುವೆಯಾದ ಮಗಳು ಮಾತ್ರ ಹೊರಗಿನವಳಾಗುವುದು ಸಂವಿಧಾನದ ಸಮಾನತೆಗೆ ವಿರುದ್ಧ ಎಂಬುದು ಅದರ ತಿರುಳು. 2021ರ ಏಪ್ರಿಲ್‌ನಲ್ಲಿ ಸರ್ಕಾರವೂ ನಿಯಮಗಳಿಗೆ ತಿದ್ದುಪಡಿ ತಂದಿತು. ಅದೇ ವರ್ಷ ಡಿಸೆಂಬರ್‌ನಲ್ಲಿ, ಇನ್ನೊಬ್ಬ ವಿವಾಹಿತ ಮಗಳ ಪ್ರಕರಣದಲ್ಲಿ ರಾಜ್ಯ ಹೋಗಿದ್ದ ಮೇಲ್ಮನವಿಯನ್ನು ಸುಪ್ರೀಂ ಕೋರ್ಟ್ ವಜಾ ಮಾಡಿತು. ಅಪ್ಪ ಸತ್ತದ್ದು ಇದೆಲ್ಲ ಆದ ಮೇಲೆ. ನನ್ನ ಅರ್ಜಿಯನ್ನು ತಳ್ಳಿದ್ದು ಜಾರಿಯಲ್ಲೇ ಇಲ್ಲದ ಒಂದು ಪದ.

ಆದರೆ ಮದುವೆಯಾದ ಹೆಣ್ಣುಮಕ್ಕಳು ಇಲ್ಲೊಂದು ಎಚ್ಚರ ಇಟ್ಟುಕೊಳ್ಳಬೇಕು. ಮಗಳು ಅಂದಮಾತ್ರಕ್ಕೆ ಆಗುವುದಿಲ್ಲ, ತೀರಿಕೊಂಡವರನ್ನು ಅವಲಂಬಿಸಿ ಅವರೊಂದಿಗೆ ವಾಸವಿದ್ದೆವು ಎಂಬುದು ಸಾಬೀತಾಗಬೇಕು. ಮರಣದ ದಿನ ಅವಲಂಬಿತರಾಗಿದ್ದಿರಾ ಎಂಬುದೇ ಪ್ರಶ್ನೆ. 2021ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕದ್ದೇ ಇನ್ನೊಂದು ಪ್ರಕರಣದಲ್ಲಿ, ತಾಯಿ ತೀರಿಕೊಂಡ ನಂತರ ವಿಚ್ಛೇದನ ಪಡೆದ ಮಗಳಿಗೆ ಸುಪ್ರೀಂ ಕೋರ್ಟ್ ಇಲ್ಲ ಎಂದಿತು. ನನ್ನ ವಿಷಯದಲ್ಲಿ ಉಳಿಸಿದ್ದು ಪಡಿತರ ಚೀಟಿ. ಮದುವೆಯಾದ ಮೇಲೂ ನನ್ನ ಹೆಸರು ಅಪ್ಪನ ಚೀಟಿಯಲ್ಲೇ ಇತ್ತು, ಮತದಾರರ ಪಟ್ಟಿಯಲ್ಲೂ ಅದೇ ವಿಳಾಸ.

ಎರಡು ಕೆಲಸ ಒಟ್ಟಿಗೆ ಮಾಡಿದೆ. ತೀರ್ಪು ಮತ್ತು ತಿದ್ದುಪಡಿಯ ಪ್ರತಿ ಲಗತ್ತಿಸಿ ಹಿಂಬರಹವನ್ನು ಮರುಪರಿಶೀಲಿಸುವಂತೆ ಮನವಿ ಕೊಟ್ಟೆ. ಜೊತೆಗೆ ಮಾಹಿತಿ ಹಕ್ಕಿನಲ್ಲಿ, ನನ್ನ ಕಡತದ ಟಿಪ್ಪಣಿ ಹಾಳೆಗಳ ಪ್ರತಿ ಕೇಳಿದೆ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್, ಪುಟಕ್ಕೆ ಎರಡು ರೂಪಾಯಿ. ನಮ್ಮ ರಾಜ್ಯದಲ್ಲಿ ಈ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದ ಮೀರಬಾರದು. ಮೊದಲ ಸಲ ಎರಡು ಪುಟ ನನ್ನ ಕಷ್ಟವೆಲ್ಲ ಬರೆದಿದ್ದೆ, ಮಾವ ಹರಿದು ಆರು ಸಾಲಿಗೆ ಇಳಿಸಿದರು. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು, ಇಪ್ಪತ್ತೆಂಟನೇ ದಿನ ಬಂತು. ಟಿಪ್ಪಣಿ ಹಾಳೆ ಕೈಗೆ ಬಂದಾಗ ಎಲ್ಲಿ, ಯಾರ ಮೇಜಿನಲ್ಲಿ, ಎಷ್ಟು ದಿನ ಕಡತ ಇತ್ತು ಎಂಬುದು ಮೊದಲ ಬಾರಿ ಕಣ್ಣಿಗೆ ಕಂಡಿತು. ಇಷ್ಟಾಗಿಯೂ ಒಪ್ಪದಿದ್ದರೆ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ ಹೋಗಬೇಕಿತ್ತು. ಬೆಂಗಳೂರಲ್ಲದೆ ಬೆಳಗಾವಿ, ಕಲಬುರಗಿಯಲ್ಲೂ ಅದರ ಪೀಠಗಳಿವೆ, ಅಂತಿಮ ಆದೇಶ ಬಂದ ಒಂದು ವರ್ಷದೊಳಗೆ ಹೋಗಬೇಕು. ಹಿಂಬರಹ ಬಂದಾಗ ಸಿಟ್ಟಿನಿಂದ ಹರಿದುಹಾಕಬೇಡಿ, ನ್ಯಾಯಮಂಡಳಿಯಲ್ಲಿ ಪ್ರಶ್ನಿಸಬೇಕಾದದ್ದು ಅದನ್ನೇ.

ನನಗೆ ಅಷ್ಟು ದೂರ ಹೋಗುವ ಪ್ರಮೇಯ ಬರಲಿಲ್ಲ. ಆಗಸ್ಟ್ ಕೊನೆಗೆ ಹಿಂಬರಹವನ್ನು ಹಿಂಪಡೆದರು. ಅದೇ ವಿಷಯ ನಿರ್ವಾಹಕರು ತಿದ್ದುಪಡಿಯ ಇನ್ನೊಂದು ಪ್ರತಿ ಕೇಳಿ ಪಡೆದು, ಹಳೆಯ ಜೆರಾಕ್ಸ್ ಇದ್ದ ಜಾಗದಲ್ಲಿ ಇಟ್ಟುಕೊಂಡರು. ಅದನ್ನು ಕಂಡಾಗ ಆದ ಸಮಾಧಾನ ದೊಡ್ಡದು.

ನಡುವೆ ಮಧ್ಯವರ್ತಿಯೊಬ್ಬ ಮನೆಗೇ ಬಂದಿದ್ದ. ಒಂದೂವರೆ ಲಕ್ಷ ಕೊಟ್ಟರೆ ಮೂರು ತಿಂಗಳಲ್ಲಿ ಆದೇಶ ಎಂದ. ಅಮ್ಮ ಪಿಂಚಣಿ ಬಾಕಿ ಬಂದರೆ ಕೊಡೋಣವಾ ಎಂದು ಕೇಳಿದ್ದು ನಿಜ. ಕೊಡಲಿಲ್ಲ. ಇಡೀ ಪ್ರಕ್ರಿಯೆಯಲ್ಲಿ ನನಗೆ ಖರ್ಚಾದದ್ದು ಛಾಪಾ ಕಾಗದ, ನೋಟರಿ, ಜೆರಾಕ್ಸ್, ಅಂಚೆ, ಪ್ರಯಾಣ ಎಲ್ಲ ಸೇರಿ ಸುಮಾರು ಒಂಬತ್ತು ಸಾವಿರ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಸ್ಸಿಗೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಜಿಲ್ಲಾ ಕೇಂದ್ರಕ್ಕೆ ಹೋಗಿಬರುವ ಖರ್ಚು ನಿಂತಿತು. ಅಲ್ಲಿಯವರೆಗೆ ವಾರಕ್ಕೊಮ್ಮೆ ಹೋಗಲು ಯೋಚಿಸುತ್ತಿದ್ದವಳು ಆಮೇಲೆ ಧೈರ್ಯವಾಗಿ ಹೋಗಿ ಕೂರುತ್ತಿದ್ದೆ.

ನಂತರದ್ದು ಸ್ಥಳ ತನಿಖೆ. ಗ್ರಾಮ ಆಡಳಿತ ಅಧಿಕಾರಿ, ರಾಜಸ್ವ ನಿರೀಕ್ಷಕರು ಮನೆಗೆ ಬಂದು ಅಕ್ಕಪಕ್ಕದವರ ಮುಂದೆ ಮಹಜರು ಬರೆದರು. ಜಮೀನು ಎಷ್ಟು, ಬಾಡಿಗೆ ಬರುತ್ತದಾ, ಗಂಡನ ದುಡಿಮೆ ಎಷ್ಟು, ಮನೆಯಲ್ಲಿ ಬೇರೆ ಯಾರಾದರೂ ನೌಕರಿಯಲ್ಲಿದ್ದಾರಾ. ಬಡತನವನ್ನು ಬೀದಿಯವರ ಎದುರು ಬಾಯಿಬಿಟ್ಟು ಹೇಳುವುದು ಸುಲಭವಲ್ಲ. ಅಮ್ಮ ಒಳಗೇ ಉಳಿದರು. ಆದರೂ ಏನನ್ನೂ ಮುಚ್ಚಿಡಬೇಡಿ. ನಮಗಿದ್ದ ಇಪ್ಪತ್ತು ಗುಂಟೆ ಒಣಭೂಮಿಯನ್ನು ನಾವೇ ಹೇಳಿದೆವು. ನೀವು ಹೇಳದ್ದು ಪಹಣಿಯಲ್ಲಿ ಸಿಕ್ಕರೆ ಉಳಿದೆಲ್ಲವನ್ನೂ ಅನುಮಾನದಿಂದ ನೋಡುತ್ತಾರೆ.

ಅರ್ಹತೆ ಒಪ್ಪಿದ ಮೇಲೆ ಅಪ್ಪನ ಇಲಾಖೆಯಲ್ಲಿ ಆ ವೃಂದದ ಹುದ್ದೆ ಖಾಲಿ ಇಲ್ಲ ಎಂದರು. ಪ್ರಸ್ತಾವನೆ ಜಿಲ್ಲಾಧಿಕಾರಿಗಳ ಕಚೇರಿ ಮೂಲಕ ಬೇರೆ ಇಲಾಖೆಗೆ ಹೋಗಿ ಅಲ್ಲಿ ದ್ವಿತೀಯ ದರ್ಜೆ ಸಹಾಯಕರ ಹುದ್ದೆ ಸಿಕ್ಕಿತು. ಇದಕ್ಕೆ ನಾಲ್ಕು ತಿಂಗಳು ಹಿಡಿಯಿತು, ಆ ಅವಧಿಯಲ್ಲಿ ಕಾಯುವುದು ಬಿಟ್ಟು ಮಾಡಬಹುದಾದದ್ದು ಏನೂ ಇರಲಿಲ್ಲ. ಆಮೇಲೆ ಪೊಲೀಸ್ ಠಾಣೆಯಿಂದ ಪೂರ್ವಾಪರ ಪರಿಶೀಲನೆ, ಜಿಲ್ಲಾ ಆಸ್ಪತ್ರೆಯಲ್ಲಿ ದೇಹದಾರ್ಢ್ಯ ಪ್ರಮಾಣಪತ್ರ, ಅಂಕಪಟ್ಟಿಗಳ ನೈಜತೆ ಪರಿಶೀಲನೆ. ಕೊನೆಯದೇ ಹೆಚ್ಚು ತಡ. ಎಸ್ಸೆಸ್ಸೆಲ್ಸಿ, ಪಿಯುಸಿ, ಪದವಿ ಮೂರಕ್ಕೂ ಬೇರೆ ಬೇರೆ ಕಡೆಗೆ ಪತ್ರ ಹೋಗುತ್ತದೆ. ಯಾವ ದಿನ, ಯಾವ ಪತ್ರ ಸಂಖ್ಯೆಯಲ್ಲಿ ಹೋಯಿತು ಎಂದು ಬರೆದುಕೊಂಡು ನೀವೇ ವಿಚಾರಿಸುತ್ತಿರಿ. ಕುಟುಂಬದ ಉಳಿದವರನ್ನು ನೋಡಿಕೊಳ್ಳುತ್ತೇನೆ ಎಂದು ಮುಚ್ಚಳಿಕೆಯನ್ನೂ ಬರೆಸಿಕೊಂಡರು. ಅದನ್ನು ಬರೆಯುವಾಗ ಮಾತ್ರ ನನ್ನ ಕೈ ನಡುಗಲಿಲ್ಲ.

ಮಾರ್ಚ್ 16ಕ್ಕೆ ಲೋಕಸಭಾ ಚುನಾವಣೆ ಘೋಷಣೆಯಾಯಿತು. ಅದಕ್ಕೆ ಕೆಲವೇ ದಿನ ಮುಂಚೆ ನನ್ನ ಆದೇಶಕ್ಕೆ ಸಹಿ ಬಿದ್ದಿತ್ತು. ಆ ವಾರ ತಪ್ಪಿದ್ದರೆ ಮತ್ತೆ ಎಷ್ಟು ತಿಂಗಳು ಕಾಯಬೇಕಿತ್ತೋ, ನೆನೆದರೆ ಈಗಲೂ ಎದೆ ಹಿಡಿಯುತ್ತದೆ.

ಎರಡು ವರ್ಷ ಪರೀಕ್ಷಾರ್ಥ ಅವಧಿ, ಅದರೊಳಗೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಪಾಸಾಗಬೇಕು. ಅಪ್ಪನಿಗಿದ್ದ ಹಳೆಯ ಪಿಂಚಣಿ ನನಗಿಲ್ಲ, 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರಂತೆ ಎನ್‌ಪಿಎಸ್ (ಹೊಸ ಪಿಂಚಣಿ ಯೋಜನೆ). ಮೊದಲ ಸಂಬಳ ಎಚ್‌ಆರ್‌ಎಂಎಸ್ (ನೌಕರರ ಸಂಬಳದ ತಂತ್ರಾಂಶ) ಸಂಖ್ಯೆ ಸಿಗದೆ ಎರಡು ತಿಂಗಳು ತಡವಾಯಿತು, ಮನೆಯಲ್ಲಿ ಅಷ್ಟಕ್ಕೆ ಮೊದಲೇ ಹೇಳಿಟ್ಟಿರಿ.

ಸೇರಿದ ಎರಡನೇ ವಾರ ನನ್ನ ಸೇವಾ ಪುಸ್ತಕ ತೆರೆದರು. ಕುಟುಂಬದ ಪುಟ ಬಂದಾಗ ಸ್ವಲ್ಪ ಹೊತ್ತು ಕೊಡಿ ಸರ್ ಎಂದು ಕೇಳಿ, ಚೀಲದಿಂದ ಎಲ್ಲರ ಆಧಾರ್ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟೆ. ಅಮ್ಮನ ಹೆಸರು, ಗಂಡನ ಹೆಸರು, ತಮ್ಮನ ಹೆಸರು, ಒಂದೊಂದು ಅಕ್ಷರ ನೋಡಿ ಬರೆಸಿದೆ. ಅಧೀಕ್ಷಕರು ಸಹಿ ಮಾಡಿ ಮೊಹರು ಹಾಕಿದ ಮೇಲೆ ಆ ಪುಟದ ಫೋಟೋ ತೆಗೆದು ಅಮ್ಮನ ಮೊಬೈಲ್‌ಗೆ ಕಳಿಸಿದೆ.